ಮೇಜಿನ ನಡುವಿನ ಗುಡ್ಡ

ಗುಡ್ಡಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹೆತ್ತವರು ಇಟ್ಟ ಹೆಸರು ಹಿಡಿದು ಈಗ ಅವನನ್ನು ಕೂಗುವವಳು ಅವನ ತಾಯಿ ಒಬ್ಬಳೇ, ಅದೂ ಸಿಟ್ಟು ನೆತ್ತಿಗೇರಿದಾಗ. ಉಳಿದಂತೆ ಎಲ್ಲರಿಗೂ ಅವನು ಗುಡ್ಡಪ್ಪ, ಯಾಕೆಂದರೆ ಅವನು ಗುಡ್ಡ ಮಾಡುತ್ತಿದ್ದ. ನಗಬೇಡಿ, ನಿಜವಾಗಿಯೂ ಮಾಡುತ್ತಿದ್ದ. ಗುಡ್ಡ ಮಾತ್ರವಲ್ಲ, ಹೊಳೆ, ಕಾಡು, ಮುರಿದ ಕೋಟೆ, ಸುಟ್ಟ ಹಳ್ಳಿ, ಎಲ್ಲವನ್ನೂ ಮಾಡಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಂಕುಳಲ್ಲಿ ಹೊತ್ತು ತರುತ್ತಿದ್ದ.

ತರುತ್ತಿದ್ದದ್ದು ಕ್ಷೌರದಂಗಡಿಯ ಮೇಲಿನ ಕೋಣೆಗೆ. ಅಲ್ಲಿ ಪ್ರತಿ ಭಾನುವಾರ ಯುದ್ಧ ನಡೆಯುತ್ತಿತ್ತು. ಹೆಬ್ಬೆರಳಿಗಿಂತ ಚಿಕ್ಕ ಸೀಸದ ಸೈನಿಕರು, ಒಬ್ಬೊಬ್ಬನಿಗೂ ಬಣ್ಣ ಹಚ್ಚಿ ಕಣ್ಣು ಮೂಗು ಬರೆದಿರುತ್ತಾರೆ. ಒಂದು ಮೇಜು, ಆ ಕಡೆ ಒಂದು ಸೈನ್ಯ, ಈ ಕಡೆ ಒಂದು ಸೈನ್ಯ. ಅಳತೆಪಟ್ಟಿ ಹಿಡಿದು ಸೈನಿಕರನ್ನು ಇಷ್ಟಿಷ್ಟೇ ಮುಂದೆ ಸರಿಸುವುದು, ದಾಳ ಉರುಳಿಸಿ ಯಾರು ಸತ್ತರು ಯಾರು ಬದುಕಿದರು ಅಂತ ನೋಡುವುದು, ಆಮೇಲೆ ಸತ್ತವನು ಸತ್ತಿಲ್ಲ ಅಂತ ಜಗಳ ಆಡುವುದು. ಜಗಳ ಬಿಡಿಸಲು ಲೆಕ್ಕ ಕಲಿಸಿ ನಿವೃತ್ತರಾದ ಮೇಷ್ಟ್ರು ಇದ್ದರು. ಜಾಗ ಕೊಟ್ಟವನು ಕೆಳಗಿನ ಅಂಗಡಿಯ ಕ್ಷೌರಿಕ, ಜಗಳ ತೆಗೆಯುವವನೂ ಅವನೇ. ಔಷಧಿ ಅಂಗಡಿಯವನು ಒಬ್ಬ, ಇನ್ನೂ ನಾಲ್ಕಾರು ಮಂದಿ. ಎಲ್ಲ ತಲೆ ನರೆತವರು, ಮಕ್ಕಳ ಮದುವೆ ಮಾಡಿದವರು. ಹೆಂಡಿರು ನಕ್ಕರೆ ನಗಲಿ ಅಂತ ಬಿಟ್ಟವರು.

"ಬರೀ ಮೇಜಿನ ಮೇಲೆ ಯುದ್ಧ ಮಾಡಿದ್ರೆ ಅದು ಊಟದ ಹೊತ್ತಿನ ಜಗಳ ಕಣ್ರಯ್ಯಾ. ನೆಲ ಬೇಕು, ಏರಿ ಇಳಿಯೋಕೆ ಗುಡ್ಡ ಬೇಕು, ಬಚ್ಚಿಟ್ಕೊಳ್ಳೋಕೆ ಪೊದೆ ಬೇಕು" ಎನ್ನುತ್ತಿದ್ದರು ಮೇಷ್ಟ್ರು. ಆ ನೆಲ ಮಾಡುವ ಕೆಲಸ ಗುಡ್ಡಪ್ಪನದು. ಅಂಗಡಿಯಲ್ಲಿ ಸಿಗುವ ಗುಡ್ಡ ಕೊಳ್ಳುವ ಶಕ್ತಿ ಅಲ್ಲಿ ಯಾರಿಗೂ ಇರಲಿಲ್ಲ, ಕೊಳ್ಳುವ ಅಗತ್ಯವೂ ಬೀಳಲಿಲ್ಲ. ಅವನಿಗೆ ಕೆಲಸ ಇದ್ದದ್ದು ಫ್ರಿಜ್, ವಾಷಿಂಗ್ ಮಷೀನ್ ಮಾರುವ ಅಂಗಡಿಯಲ್ಲಿ. ಗಿರಾಕಿಯ ಮನೆಗೆ ಮಷೀನ್ ಹೊತ್ತು ಹೋಗಿ, ಪೆಟ್ಟಿಗೆ ಬಿಚ್ಚಿ, ಪೈಪು ಜೋಡಿಸಿ, ಗುಂಡಿ ಒತ್ತಿ ತೋರಿಸುವುದು. ಹೊರಡುವಾಗ "ಅಮ್ಮಾ, ಈ ಥರ್ಮಾಕೋಲ್ ಎಸೆಯೋದಾದ್ರೆ ನಾನೇ ಒಯ್ತೀನಿ" ಅನ್ನುತ್ತಿದ್ದ. ಬೇಡ ಎನ್ನುವವರು ಯಾರು? ಕಸ ಹೋಯಿತಲ್ಲ ಅಂತ ಹರಸಿ ಕಳಿಸುತ್ತಿದ್ದರು.

ಆ ಕಸವೇ ಅವನ ಗುಡ್ಡ. ಮೇಣದ ಬತ್ತಿಗೆ ಹಿಡಿದು ಬಿಸಿ ಮಾಡಿದ ಚಾಕುವಿನಲ್ಲಿ ಥರ್ಮಾಕೋಲ್ ಕೊಯ್ದು ಒಂದರ ಮೇಲೊಂದು ಅಂಟಿಸಬೇಕು. ಚಹಾ ಸೋಸಿದ ಚರಟ ಒಣಗಿಸಿ ಉದುರಿಸಿದರೆ ಮಣ್ಣು. ಬಡಗಿಯ ಅಂಗಡಿಯ ಮರದ ಪುಡಿಗೆ ಹಸಿರು ಬಣ್ಣ ಕಲಸಿದರೆ ಹುಲ್ಲು. ಪಾತ್ರೆ ಉಜ್ಜುವ ಸ್ಪಂಜು ಹರಿದು ಕಡ್ಡಿಗೆ ಚುಚ್ಚಿದರೆ ಮರ. ಕೊನೆಗೆ ಬ್ರಷ್ಷಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಹೆಚ್ಚುಕಡಿಮೆ ಒಣ ಬ್ರಷ್ಷನ್ನೇ ಕಲ್ಲಿನ ಅಂಚುಗಳ ಮೇಲೆ ಆಡಿಸಿದರೆ ಬಿಸಿಲು ಬಿದ್ದಂತೆ ಕಾಣುತ್ತದೆ. ಆ ಬಿಸಿಲು ಬೀಳಿಸುವ ಹೊತ್ತಿಗೆ ಗುಡ್ಡಪ್ಪ ಉಸಿರು ಬಿಗಿ ಹಿಡಿಯುತ್ತಿದ್ದ, ಮನೆಯವರೂ ಹಿಡಿಯಬೇಕಿತ್ತು.

ಇಷ್ಟೆಲ್ಲ ಯಾವ ಸುಖಕ್ಕೆ ಅಂದರೆ, ಮೇಜಿನ ನಡುವಿನ ಜಾಗಕ್ಕೆ. ವರ್ಷಕ್ಕೊಮ್ಮೆ ಆ ಕೋಣೆಯಲ್ಲಿ ಎಲ್ಲರೂ ಸೇರಿ ಆಡುವ ದೊಡ್ಡ ಯುದ್ಧ. ಅವತ್ತು ಬೆಳಿಗ್ಗೆ ಯಾರು ಯಾರು ಏನೇನು ಮಾಡಿ ತಂದಿದ್ದಾರೋ ಎಲ್ಲ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಪ್ರತಿ ಆಟಗಾರನೂ ತನಗೆ ಮೆಚ್ಚಿಗೆಯಾದದ್ದರ ಮೇಲೆ ತನ್ನ ಒಬ್ಬ ಸೈನಿಕನನ್ನು ನಿಲ್ಲಿಸುತ್ತಾನೆ, ತಾನು ಮಾಡಿದ್ದರ ಮೇಲೆ ಮಾತ್ರ ನಿಲ್ಲಿಸುವಂತಿಲ್ಲ. ಹೆಚ್ಚು ಸೈನಿಕರು ನಿಂತದ್ದು ಮೇಜಿನ ನಡುವೆ. ಅದನ್ನು ಮಾಡಿದವರೇ ಎತ್ತಿ ಇಡಬೇಕು, ಬೇರೆಯವರ ಕೈ ಸೋಕುವಂತಿಲ್ಲ. ಆ ರಣರಂಗಕ್ಕೆ ಹೆಸರಿಡುವವರೂ ಅವರೇ. ಹೆಸರು ಗೋಡೆಯ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಇಡೀ ವರ್ಷ ಇರುತ್ತದೆ.

ಆಟ ಶುರುವಾದಾಗಿನಿಂದ ಆ ಜಾಗ ಗುಡ್ಡಪ್ಪನದೇ. ಅಂಗಡಿಯ ಮಾಲೀಕ ಅವನನ್ನು ಹೆಸರು ಹಿಡಿದೂ ಕರೆಯುತ್ತಿರಲಿಲ್ಲ, "ಏಯ್, ಗಾಡಿ ಬಂತು ನೋಡು" ಅನ್ನುತ್ತಿದ್ದ. ಈ ಕೋಣೆಯಲ್ಲಿ ಮಾತ್ರ ಜನ ಅವನಿಗಾಗಿ ಕಾದು ನಿಲ್ಲುತ್ತಿದ್ದರು. ಅವನಿಡುವ ಹೆಸರುಗಳೋ, ಭಾರೀ ಹೆಸರುಗಳು. ವಜ್ರಶಿಖರ. ಸಿಡಿಲಗಿರಿ. ಪ್ರಳಯಕೊಳ್ಳ. ಹಲಗೆಯ ಮೇಲೆ ದುಂಡಗೆ ಅವನೇ ಬರೆಯುತ್ತಿದ್ದ, ಅಕ್ಷರ ಚೆನ್ನಾಗಿತ್ತು. ಆದರೆ ಆಟದ ಮಧ್ಯೆ ಒಬ್ಬನಾದರೂ ಆ ಹೆಸರು ಬಾಯಿಗೆ ತಂದರೆ ಕೇಳಿ! "ಆ ದೊಡ್ಡ ಗುಡ್ಡದ ಹಿಂದೆ ನಿನ್ನ ಫಿರಂಗಿ ಇದೆ ನೋಡು" ಎನ್ನುತ್ತಿದ್ದರು, ಅಷ್ಟೇ. ಅದೊಂದು ಮುಳ್ಳು ಅವನಿಗೆ ಒಳಗೇ ಚುಚ್ಚುತ್ತಿತ್ತು.

ಮನೆಯಲ್ಲಿ ತಾಯಿ, ಹೆಂಡತಿ. ಹೆಂಡತಿ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಡಾಕ್ಟರುಗಳು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಒಣಗಿದ ಮೇಲೆ ಕೆತ್ತಿ, ಕಟ್ಟಿದ ಹಲ್ಲಿಗೆ ಪಕ್ಕದ ಹಲ್ಲಿನ ಬಣ್ಣ ಹೊಂದಿಸುವುದು ಅವಳ ದಿನದ ಕೆಲಸ. ಗಂಡನ ಯುದ್ಧದ ವಿಷಯಕ್ಕೆ ಅವಳು ಯಾವತ್ತೂ ತಲೆ ಹಾಕಿದವಳಲ್ಲ. ಊಟಕ್ಕೆ ಕೂತರೆ ಗುಡ್ಡಪ್ಪ ಅದೇ ಕಥೆ ತೆಗೆಯುತ್ತಿದ್ದ: ತನ್ನ ಮೊಟ್ಟಮೊದಲ ಗುಡ್ಡ, ಅದಕ್ಕೆ ಬೇಗ ಬಣ್ಣ ಆಗಲಿ ಅಂತ ತಾನು ಸ್ಪ್ರೇ ಡಬ್ಬಿ ತಂದು ಹೊಡೆದದ್ದು, ಥರ್ಮಾಕೋಲ್ ಚುಸ್ ಅಂತ ಕಣ್ಣೆದುರೇ ಕರಗಿ ಇಳಿದುಹೋದದ್ದು. "ಸಕ್ಕರೆ ಮೇಲೆ ನೀರು ಬಿದ್ದ ಹಾಗೆ ಕಣೇ! ಸ್ಪ್ರೇ ಹೊಡೀಬೇಕು ಅಂದ್ರೆ ಮೊದಲು ಬಿಳಿ ಅಂಟು ಬಳೀಬೇಕು, ಒಂದು ಕಡೇನೂ ಬಿಡದ ಹಾಗೆ. ಇದು ಯಾರೂ ಹೇಳ್ಕೊಡಲ್ಲ. ಪೆಟ್ಟು ತಿಂದು ಕಲಿತೆ." ಅವಳು ತರಕಾರಿ ಬಿಡಿಸುತ್ತ ಹೂಂ ಅನ್ನುತ್ತಿದ್ದಳು. ಗೋಡೆಗೆ ಹೇಳಿದ್ದಾಯಿತು ಅಂದುಕೊಂಡು ಅವನು ಕೈ ತೊಳೆಯುತ್ತಿದ್ದ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರದಲ್ಲಿ ಒಂದು ವಾಷಿಂಗ್ ಮಷೀನ್ ಮೆಟ್ಟಿಲ ಮೇಲೆ ಜಾರಿತು. ಗುಡ್ಡಪ್ಪನ ಬಲಗೈ ಮಣಿಕಟ್ಟಿಗೆ ಪಟ್ಟಿ ಬಿತ್ತು. ಮುಂದಿನ ಭಾನುವಾರಕ್ಕೆ ಒಂದು ಸೇತುವೆ ಕೊಡುತ್ತೇನೆ ಅಂತ ಮೇಷ್ಟ್ರಿಗೆ ಮಾತು ಕೊಟ್ಟಿದ್ದ. ಬೇರೆ ದಾರಿ ಕಾಣದೆ ಹೆಂಡತಿಯನ್ನು ಕರೆದ. "ನಾನು ಹೇಳಿದ ಹಾಗೆ ಮಾಡು ಸಾಕು. ನಿನ್ನ ತಲೆ ಓಡಿಸಬೇಡ."

ಅವಳು ಕೂತಳು. ಐಸ್‌ಕ್ರೀಮ್ ಕಡ್ಡಿ ಕತ್ತರಿಸಿದಳು, ಅಂಟಿಸಿದಳು. ಸೇತುವೆಗೆ ಹಗ್ಗ ಬೇಕು ಅಂತ ಅವನು ದಾರದ ಉಂಡೆ ಹುಡುಕುವಷ್ಟರಲ್ಲಿ ಲ್ಯಾಬಿನಿಂದ ತಂದಿದ್ದ, ಹಲ್ಲಿನ ಸಂದಿ ಶುಚಿ ಮಾಡುವ ನೂಲು ಹೊಸೆದು ಇಳಿಬಿಟ್ಟೇ ಬಿಟ್ಟಳು. ಒಂದು ಹಲಗೆಯನ್ನು ಬೇಕೆಂದೇ ಮುರಿದಳು. "ಅಯ್ಯೋ, ಏನ್ ಮಾಡ್ದೆ!" ಎಂದು ಅವನು ಕೂಗಿದರೆ, "ಎಷ್ಟು ಜನ ಓಡಾಡಿರ್ತಾರೆ ರೀ, ಒಂದಾದ್ರೂ ಮುರಿದಿರಲ್ವಾ?" ಅಂದಳು. ಅವನು ಮೂಗು ಮುರಿದ.

ಭಾನುವಾರ ಸೇತುವೆ ಮೇಜಿಗೆ ಬಂದದ್ದೇ ತಡ, ಕ್ಷೌರಿಕ ಬಗ್ಗಿ ಮೂಗಿನ ತುದಿ ಅದಕ್ಕೆ ತಾಗುವಷ್ಟು ಹತ್ತಿರದಿಂದ ನೋಡಿದ. "ಲೋ ಗುಡ್ಡಪ್ಪಾ! ಕೈ ಮುರಿದ ಮೇಲೆ ನಿನ್ನ ಕೈ ಪಳಗಿತಲ್ಲೋ! ಇಷ್ಟು ದಿನ ಎರಡೂ ಕೈಲಿ ಮಾಡಿ ಕೆಡಿಸ್ತಿದ್ಯಾ?" ಎಲ್ಲರೂ ಗೊಳ್ಳೆಂದು ನಕ್ಕರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಆ ಮುರಿದ ಹಲಗೆಯನ್ನು ನೋಡಿ, "ಇದು, ಇದು ಚೆನ್ನಾಗಿದೆ" ಅಂದರು. ಮೇಷ್ಟ್ರ ಬಾಯಲ್ಲಿ ಆ ಮಾತು ಗುಡ್ಡಪ್ಪ ಅಲ್ಲಿಯವರೆಗೆ ಕೇಳಿರಲಿಲ್ಲ. ಮಾಡಿದ್ದು ಹೆಂಡತಿ ಅಂತ ಹೇಳಲು ಬಾಯಿ ತೆರೆದ. ತೆರೆದ ಬಾಯಿಗೆ ಕ್ಷೌರಿಕ ಬಿಸ್ಕತ್ತಿನ ತಟ್ಟೆ ಹಿಡಿದ. ಬಿಸ್ಕತ್ತು ತಿಂದ, ಹೊಗಳಿಕೆಯನ್ನೂ ನುಂಗಿದ.

ಅರಗಬೇಕಲ್ಲ! ವಾರದೊಳಗೆ ಕೈ ನೋಡಿಕೊಂಡು ಹೋಗಲು ಮೇಷ್ಟ್ರು ಮನೆಗೇ ಬಂದರು. ಬಾಗಿಲು ತೆಗೆದ ತಾಯಿ ಅವರನ್ನು ಕೂರಿಸಿ ನೀರು ಕೊಟ್ಟು, ಉಸಿರು ಬಿಡದೆ ಹೇಳಿಯೇಬಿಟ್ಟಳು: "ಆ ಸೇತುವೆ ನೋಡಿದ್ರಾ? ನನ್ನ ಸೊಸೆ ಮಾಡಿದ್ದು! ಇವನು ಪಕ್ಕದಲ್ಲಿ ಕೂತು ಕಿರುಚಿದ್ದು ಬಿಟ್ರೆ ಇನ್ನೇನೂ ಮಾಡಿಲ್ಲ." ಗುಡ್ಡಪ್ಪ ಒಳಗಿನಿಂದ ಬಂದಾಗ ಮೇಷ್ಟ್ರು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಇಂಗು ತಿಂದ ಮಂಗನಂತೆ ನಿಂತ. ಮೇಷ್ಟ್ರು ದೊಡ್ಡವರು, ಏನೂ ಅನ್ನಲಿಲ್ಲ. ಅವನ ಹೆಂಡತಿಯ ಕಡೆ ತಿರುಗಿ, "ಈ ಸಲ ದೊಡ್ಡ ಯುದ್ಧಕ್ಕೆ ನೀವೂ ಒಂದು ಮಾಡ್ಕೊಂಡು ಬನ್ನಿ ತಾಯಿ" ಅಂದರು. ಅವಳು ಮೊದಲು ನಕ್ಕಳು. ಆಮೇಲೆ, "ಹೂಂ, ನೋಡ್ತೀನಿ" ಅಂದಳು.

ಅಲ್ಲಿಂದ ಹತ್ತಿಕೊಂಡಿತು ನೋಡಿ ಗುಡ್ಡಪ್ಪನ ಹೊಟ್ಟೆಗೆ ಬೆಂಕಿ. ಪಕ್ಕದ ಮನೆಯವನ ಮೇಲೆ ಹೊಟ್ಟೆಕಿಚ್ಚು ಬಂದರೆ ಬಾಗಿಲು ಹಾಕಿಕೊಂಡು ಕೂರಬಹುದು. ಸ್ವಂತ ಹೆಂಡತಿಯ ಮೇಲೆ ಬಂದರೆ ಎಲ್ಲಿಗೆ ಹೋಗಬೇಕು? ಅದೇ ಮನೆ, ಅದೇ ಮೇಜು, ಅದೇ ಅಂಟಿನ ಡಬ್ಬಿ. ಮೇಜಿನ ಈ ಕಡೆ ಅವನು, ಪಟ್ಟಿ ಬಿಚ್ಚಿದ ಕೈಯಲ್ಲಿ ಹಲ್ಲು ಕಚ್ಚಿಕೊಂಡು ತನ್ನ ಜನ್ಮದಲ್ಲೇ ಮಾಡದಷ್ಟು ದೊಡ್ಡ ಬೆಟ್ಟ ಕಟ್ಟುತ್ತಿದ್ದ. ಎರಡು ಫ್ರಿಜ್ಜುಗಳ ಥರ್ಮಾಕೋಲ್ ಒಂದೇ ಬೆಟ್ಟಕ್ಕೆ ಸುರಿದ. ಚೂಪು ಚೂಪು ಶಿಖರಗಳು, ಕಡಿದಾದ ಇಳಿಜಾರು. ಮೇಜಿನ ಆ ಕಡೆ ಅವಳು, ಕೆಲಸದಿಂದ ಬಂದು ಮುಖ ತೊಳೆದು, ಅವನು ಬಿಸಾಕಿದ ಚೂರುಗಳನ್ನೇ ಆರಿಸಿಕೊಂಡು ಒಂದು ಸಣ್ಣ ಗುಡ್ಡ ಜೋಡಿಸುತ್ತಿದ್ದಳು.

ಕದ್ದು ಕದ್ದು ನೋಡುತ್ತಿದ್ದ. ಹಲ್ಲು ಕೆರೆಯುವ ಕೊಕ್ಕೆಯಿಂದ ಅವಳು ಕಲ್ಲಿನ ಗೋಡೆಯ ಒಂದೊಂದೇ ಸಂದಿ ಕೊರೆಯುತ್ತಿದ್ದಳು. ಲ್ಯಾಬಿನಲ್ಲಿ ಉಳಿದ ಪ್ಲಾಸ್ಟರ್ ಅನ್ನು ಮುದುಡಿದ ಬೆಳ್ಳಿ ಕಾಗದದಲ್ಲಿ ಸುರಿದು ಬಿಡಿಸಿದರೆ ಸಾಕ್ಷಾತ್ ಬಂಡೆ. "ಇದನ್ನ ಯಾರು ಹೇಳ್ಕೊಟ್ರು?" ಅಂತ ಕೇಳಿದ, ಧ್ವನಿಯಲ್ಲಿ ಪೊಲೀಸರ ಬಿಗಿ. "ಯಾರೂ ಇಲ್ಲ ರೀ. ಹೊಳೀತು" ಅಂದಳು. ಹೊಳೀತಂತೆ! ಅವನಿಗೆ ಒಂದೊಂದು ಹೊಳೆಯಲು ವರ್ಷ ಹಿಡಿದಿತ್ತು. ಅವನು ಎಲ್ಲ ಕಲ್ಲಿಗೂ ಒಂದೇ ಬೂದು ಬಣ್ಣ ಬಳಿಯುತ್ತಿದ್ದ. ಅವಳು ಅದನ್ನು ನೋಡಿ, "ಹಲ್ಲು ಬಿಳಿ ಅಂತಾರೆ, ಆದ್ರೆ ಯಾರ ಬಾಯಲ್ಲೂ ಬಿಳಿ ಹಲ್ಲು ಇರಲ್ಲ ರೀ. ಸ್ವಲ್ಪ ಹಳದಿ, ಸ್ವಲ್ಪ ಕಂದು ಇದ್ರೇನೇ ನಿಜ ಅನ್ಸೋದು. ಕಲ್ಲಿಗೂ ಹಾಕಿ ನೋಡಿ" ಅಂದಳು. ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಅವನು ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಅವಳು ಕೆಲಸಕ್ಕೆ ಹೋದ ಮೇಲೆ ಒಂದು ಕಲ್ಲಿಗೆ ಹಳದಿ ಹಾಕಿ ನೋಡಿದ, ಚೆನ್ನಾಗಿ ಕಂಡಿತು, ಸಿಟ್ಟಿನಿಂದ ಅದರ ಮೇಲೆ ಮತ್ತೆ ಬೂದು ಬಳಿದ.

ಅವಳ ಗುಡ್ಡದ ತುದಿಯಲ್ಲಿ ಒಂದು ಮುರಿದ ಮನೆ. ಮನೆಯ ಪಕ್ಕ ಎರಡು ಕಂಬ ನೆಟ್ಟು, ನೂಲು ಕಟ್ಟಿ, ಉಗುರಿನಷ್ಟು ಅಂಗಿಯೊಂದನ್ನು ಒಣಗಲು ಹಾಕಿದಳು.

"ಯುದ್ಧದ ಮಧ್ಯೆ ಬಟ್ಟೆ ಯಾರೇ ಒಣಗಿಸ್ತಾರೆ?" ಗುಡ್ಡಪ್ಪನಿಗೆ ಕೊನೆಗೂ ಒಂದು ತಪ್ಪು ಸಿಕ್ಕಿತ್ತು.

"ಯುದ್ಧ ಆಗುತ್ತೆ ಅಂತ ಬಟ್ಟೆ ಒಗೆಯೋದು ಬಿಡೋಕಾಗುತ್ತಾ?" ಅಂದಳು ಅವಳು.

ತಾಯಿ ಮೂಲೆಯಿಂದ ಕಿಸಕ್ಕನೆ ನಕ್ಕಳು. "ಚೆನ್ನಾಗಿ ಹೇಳ್ದೆ ಕಣೇ" ಅಂದಳು. ಹೆತ್ತ ತಾಯಿ! ಅವನ ವಜ್ರಶಿಖರವನ್ನು ಬಾಗಿಲಿಗೆ ಒತ್ತು ಕೊಡಲು ಬಳಸಿದ್ದ ತಾಯಿ, ಸೊಸೆಯ ಗುಡ್ಡಕ್ಕೆ ಧೂಳು ಕೂರಬಾರದು ಅಂತ ತೆಳ್ಳನೆ ಬಟ್ಟೆ ಹೊದಿಸುತ್ತಿದ್ದಳು. ಗುಡ್ಡಪ್ಪನಿಗೆ ಫ್ರಿಜ್ಜು ಹೊತ್ತು ಮೆಟ್ಟಿಲು ಹತ್ತುವಾಗಲೂ ಕಣ್ಣೆದುರು ಆ ಉಗುರಿನಷ್ಟು ಅಂಗಿ. ಆ ಅಂಗಿ ತನಗೆ ಯಾಕೆ ಹೊಳೆಯಲಿಲ್ಲ? ಮೇಜಿನ ನಡುವಿನ ಜಾಗವೂ ಹೋದರೆ ತನ್ನ ಹತ್ತಿರ ಇನ್ನೇನು ಉಳಿಯಿತು? ಬರೀ ಏಯ್, ಗಾಡಿ ಬಂತು ನೋಡು.

ದೊಡ್ಡ ಯುದ್ಧದ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ. ಊಟ ಮುಗಿಸಿ ಚಪ್ಪಲಿ ಮೆಟ್ಟುತ್ತಿರುವಾಗ, ಅವತ್ತು ಲ್ಯಾಬಿಗೆ ರಜೆ ಹಾಕಿದ್ದ ಅವಳು ಒಳಗಿನಿಂದ ಬಂದಳು. ಒಂದು ಕೈಯಲ್ಲಿ ಇನ್ನೂ ಬಣ್ಣ ಕಾಣದ, ಬೆಳ್ಳಗಿನ ಗುಡ್ಡ. ಇನ್ನೊಂದು ಕೈಯಲ್ಲಿ ಕಪ್ಪು ಸ್ಪ್ರೇ ಡಬ್ಬಿ. ಅಂಗಡಿಯ ತಳ್ಳುಗಾಡಿಗೆ ಬಣ್ಣ ಹೊಡೆದು ಉಳಿದದ್ದು, ಅವನೇ ತಂದಿಟ್ಟಿದ್ದು.

"ರೀ, ನಾಳೆಗೆ ಟೈಮಿಲ್ಲ. ಬ್ರಷ್ಷಲ್ಲಿ ಕಪ್ಪು ಬಳೀತಾ ಕೂತ್ರೆ ಆಗಲ್ಲ. ಈ ಡಬ್ಬೀಲಿ ಹೊಡೆದ್ರೆ ಏನಾದ್ರೂ ಆಗುತ್ತಾ?"

ಗುಡ್ಡಪ್ಪ ಡಬ್ಬಿ ನೋಡಿದ, ಬರೀ ಥರ್ಮಾಕೋಲ್ ನೋಡಿದ. ಬೇರೆ ಯಾರೇ ಆಗಿದ್ದರೂ ಓಡಿ ಹೋಗಿ ಡಬ್ಬಿ ಕಿತ್ತುಕೊಳ್ಳುತ್ತಿದ್ದ. ಅಷ್ಟು ಸಲ ಹೇಳಿದ ಕಥೆ, ಒಂದು ಸಲವಾದರೂ ಕಿವಿಗೆ ಹಾಕಿಕೊಂಡಿದ್ದರೆ ಕೇಳುತ್ತಿದ್ದಳೇ? ಕೇಳಿಸಿಕೊಳ್ಳದವಳದ್ದೇ ತಪ್ಪು, ತನ್ನದೇನು! ಮನಸ್ಸು ಹೀಗೆ ಪಟಪಟನೆ ನ್ಯಾಯ ಕಟ್ಟಿಕೊಟ್ಟಿತು. ಚಪ್ಪಲಿಯ ಪಟ್ಟಿ ಸರಿಮಾಡುತ್ತ, ತಲೆ ಎತ್ತದೆ ಹೇಳಿದ:

"ಹೊಡಿ. ಏನೂ ಆಗಲ್ಲ."

"ಸರಿ" ಅಂದಳು. ಅವನು ಬಾಗಿಲು ದಾಟಿದ.

ಆ ಮಧ್ಯಾಹ್ನ ಅವನು ಯಾರ ಮನೆಗೆ ಏನು ಹೊತ್ತುಕೊಂಡು ಹೋದನೋ ದೇವರಿಗೇ ಗೊತ್ತು. ಒಬ್ಬರ ಮನೆಯಲ್ಲಿ ಪೈಪು ಉಲ್ಟಾ ಜೋಡಿಸಿ ಅಡುಗೆಮನೆಯ ತುಂಬ ನೀರು ಮಾಡಿದ. ಕಿವಿಯೊಳಗೆ ಚುಸ್ ಅನ್ನುವ ಶಬ್ದ. ಮುರಿದ ಮನೆ ಕುಸಿಯುವುದು ಕಾಣುತ್ತಿತ್ತು, ಬಟ್ಟೆಯ ಕಂಬ ವಾಲುವುದು ಕಾಣುತ್ತಿತ್ತು. ಒಂದು ಗಳಿಗೆ ಹಾಯೆನಿಸಿತು. ಮರುಗಳಿಗೆ ತಿರುಗಿ ಹೋಗಿ ತಡೆಯಲೇ ಅಂತಲೂ ಅನಿಸಿತು. ಇಷ್ಟು ಹೊತ್ತಿಗೆ ಹೊಡೆದಿರುತ್ತಾಳೆ, ಹೋಗಿ ಏನು ಮಾಡುವುದು ಅಂತ ತನಗೆ ತಾನೇ ಹೇಳಿಕೊಂಡು ಇನ್ನೊಂದು ಪೆಟ್ಟಿಗೆ ಬಿಚ್ಚಿದ.

ಸಂಜೆ ಮನೆಗೆ ಬಂದಾಗ ಮುಖಕ್ಕೆ ಮರುಕ ಹಚ್ಚಿಕೊಂಡೇ ಬಂದಿದ್ದ. "ಅಯ್ಯೋ ಪಾಪ, ಹೋಗ್ಲಿ ಬಿಡು" ಅನ್ನುವ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು. ಮೇಜಿನ ಮೇಲೆ ಗುಡ್ಡ ಇತ್ತು. ಇಡಿಯಾಗಿ ಇತ್ತು. ಕಪ್ಪಿನ ಮೇಲೆ ಕಂದು, ಕಂದಿನ ಮೇಲೆ ಹಳದಿ, ಅಂಚುಗಳ ಮೇಲೆ ಬಿಸಿಲು ಬಿದ್ದಿತ್ತು. ಹುಲ್ಲು ಗೋಡೆಯ ಬುಡದಲ್ಲಿ ಮಾತ್ರ, ನೀರು ನಿಲ್ಲುವ ಕಡೆ ಮಾತ್ರ ಬೆಳೆದಿತ್ತು. ಅಂಗಿ ಗಾಳಿಗೆ ಒಂದು ಕಡೆ ವಾಲಿ ಒಣಗುತ್ತಿತ್ತು. ಬೆರಳಿನಿಂದ ಮುಟ್ಟಿ ನೋಡಿದ, ಗಟ್ಟಿ.

ಅಡುಗೆಮನೆಯಿಂದ ಅವಳ ಸದ್ದು ಕೇಳುತ್ತಿತ್ತು. ಗುಡ್ಡಪ್ಪ ಸ್ಪ್ರೇ ಡಬ್ಬಿ ಎತ್ತಿಕೊಂಡು ಸದ್ದಿಲ್ಲದೆ ಹಿತ್ತಲಿಗೆ ಹೋದ. ಡಬ್ಬಿ ಹಳೆಯದಾಗಿ ಸತ್ವ ಹೋಗಿದೆಯೋ ಏನೋ, ಒಂದು ಥರ್ಮಾಕೋಲ್ ಚೂರಿಗೆ ಹೊಡೆದು ನೋಡೋಣ ಅಂತ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಗ್ಗಿದವನು ಹಾಗೇ ನಿಂತ.

ಕಲ್ಲಿನ ಮೇಲೆ ಆಗಲೇ ಒಂದು ಚೂರು ಇತ್ತು. ಅದರ ನಡುವೆ ಕಪ್ಪಗೆ ಒಂದು ಗುಳಿ, ಅಂಚೆಲ್ಲ ಕರಗಿ ಮುದುಡಿತ್ತು. ಪಕ್ಕದಲ್ಲಿ ಬಿಳಿ ಅಂಟಿನ ಡಬ್ಬಿ ಖಾಲಿಯಾಗಿ ಬಿದ್ದಿತ್ತು, ಅದರೊಳಗೆ ದೊಡ್ಡ ಬ್ರಷ್ಷು.

ಅವನಿಗೆ ಎಲ್ಲ ತಿಳಿಯಿತು. ಅವನ ಮಾತು ಕೇಳಿದ ಮೇಲೂ ಅವಳು ಮೊದಲು ಈ ಚೂರಿಗೆ ಹೊಡೆದು ನೋಡಿದ್ದಾಳೆ. ಕರಗಿದ್ದನ್ನು ಕಂಡು ಗುಡ್ಡಕ್ಕೆಲ್ಲ ಅಂಟು ಬಳಿದು, ಒಣಗಿಸಿ, ಆಮೇಲೆ ಸ್ಪ್ರೇ ಹೊಡೆದಿದ್ದಾಳೆ. ಅಂದರೆ ಅವನು ಹೇಳಿದ್ದು ಸುಳ್ಳು ಅಂತ ಅವಳಿಗೆ ಗೊತ್ತು. ಗೊತ್ತಿಲ್ಲದೆ ಹೇಳಿದ ಅಂದುಕೊಳ್ಳಲೂ ದಾರಿಯಿಲ್ಲ, ಕರಗಿದ ಗುಡ್ಡದ ಕಥೆಯನ್ನು ಹುಟ್ಟಿದ ಊರಿನ ಹೆಸರಿಗಿಂತ ಹೆಚ್ಚು ಸಲ ಹೇಳಿಕೊಂಡವನು ಅವನೇ. ಒಗೆಯುವ ಕಲ್ಲಿನ ಮೇಲೇ ಕೂತ.

ಊಟಕ್ಕೆ ಬಡಿಸಿದಳು. ಅವಳು ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು, ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ಸಾರು ಹಾಕ್ಲಾ?" ಅಂತ ಕೇಳಿದಳು. ಗುಡ್ಡಪ್ಪ ಬೇಡ ಅಂದ.

ಭಾನುವಾರ ಬೆಳಿಗ್ಗೆ ಕ್ಷೌರದಂಗಡಿಯ ಮೇಲಿನ ಕೋಣೆಯಲ್ಲಿ ಕಿಟಕಿಯ ಕಟ್ಟೆ ತುಂಬಿತ್ತು. ಗುಡ್ಡಪ್ಪನ ಬೆಟ್ಟ ಕಿಟಕಿಯ ಅರ್ಧ ಬೆಳಕು ತಿಂದು ನಿಂತಿತ್ತು. ಅದರ ಪಕ್ಕ ಅವನ ಹೆಂಡತಿಯ ಗುಡ್ಡ. ಅದರಾಚೆ ಔಷಧಿ ಅಂಗಡಿಯವನು ಶೀಶೆಯ ಮುಚ್ಚಳದಲ್ಲಿ ಮಾಡಿದ ಒಂದು ಕೊಳ. ಅವಳು ಗೋಡೆಗೆ ಒರಗಿ ನಿಂತಿದ್ದಳು. ಗುಡ್ಡಪ್ಪನಿಗೆ ಇದ್ದದ್ದು ಒಂದೇ ಭಯ: ಇವಳು ಇವರೆಲ್ಲರ ಮುಂದೆ ಬಾಯಿ ಬಿಟ್ಟರೆ? ಥರ್ಮಾಕೋಲ್‌ಗೆ ಸ್ಪ್ರೇ ಹೊಡೆಯಲು ಹೇಳಿದ ಅಂದರೆ ಈ ಕೋಣೆಯಲ್ಲಿ ಬೇರೆ ವಿವರಣೆಯೇ ಬೇಕಿಲ್ಲ. ಇನ್ನು ಮೇಲೆ ಇಲ್ಲಿ ತಲೆ ಎತ್ತುವ ಹಾಗಿಲ್ಲ.

ಆ ಭಯದಲ್ಲೂ ಕಣ್ಣು ಮಾತ್ರ ಸೈನಿಕರ ಮೇಲೆಯೇ ಇತ್ತು. ಮೊದಲು ಕ್ಷೌರಿಕ ಬಂದ. ಹಳೆಯ ಗೆಳೆಯ, ತನ್ನ ಸೈನಿಕನನ್ನು ಗುಡ್ಡಪ್ಪನ ಬೆಟ್ಟದ ಮೇಲೆ ಇಟ್ಟ. ಸೈನಿಕ ಜಾರಿ ಬಿದ್ದ. ಮತ್ತೆ ಇಟ್ಟ, ಮತ್ತೆ ಉರುಳಿದ. "ನಿಲ್ಲೋಕೇ ಜಾಗ ಇಲ್ಲವಲ್ಲೋ ಮಾರಾಯ! ಇದರ ಮೇಲೆ ಯುದ್ಧ ಮಾಡೋದಾ, ಜಾರುಬಂಡೆ ಆಡೋದಾ?" ಎಂದು ನಗುತ್ತ ಸೈನಿಕನನ್ನು ಎತ್ತಿ ಪಕ್ಕದ ಗುಡ್ಡದ ಮೇಲೆ, ಬಟ್ಟೆ ಒಣಗಿಸುವ ಜಾಗದ ಹತ್ತಿರ ಇಟ್ಟ. ಅಲ್ಲಿ ಅವನು ನೆಟ್ಟಗೆ ನಿಂತ. ಮೇಷ್ಟ್ರು ಅಲ್ಲೇ ಇಟ್ಟರು. ಒಬ್ಬರ ಹಿಂದೆ ಒಬ್ಬರು ಅಲ್ಲೇ ಇಟ್ಟರು. ಅವಳು ಹಂತ ಹಂತವಾಗಿ ಕಟ್ಟಿದ್ದಳು, ಪ್ರತಿ ಹಂತದಲ್ಲೂ ಒಬ್ಬನಿಗೆ ಕಾಲೂರಲು ಜಾಗ ಇತ್ತು. ಗುಡ್ಡಪ್ಪನ ಸರದಿ ಬಂತು. ಕೈಯಲ್ಲಿದ್ದ ಸೀಸದ ಸೈನಿಕ ಬೆವರಿಗೆ ಒದ್ದೆಯಾಗಿದ್ದ. ಎಲ್ಲರೂ ನೋಡುತ್ತಿದ್ದಂತೆ ಹೋಗಿ ಔಷಧಿ ಅಂಗಡಿಯವನ ಕೊಳದಲ್ಲಿ ಇಟ್ಟ. ಎಂಥ ಮನುಷ್ಯ ನೋಡಿ! ಔಷಧಿ ಅಂಗಡಿಯವನಿಗೇ ಆಶ್ಚರ್ಯವಾಯಿತು, ಅವನ ಸೈನಿಕ ಕೂಡ ಅವಳ ಗುಡ್ಡದ ಮೇಲಿದ್ದ.

ಅವಳು ತನ್ನ ಗುಡ್ಡವನ್ನು ಎತ್ತಿ ಮೇಜಿನ ನಡುವೆ ಇಟ್ಟಳು. ಒಂದು ಸುತ್ತು ತಿರುಗಿಸಿ, ಬಟ್ಟೆಯ ಕಂಬ ಕಿಟಕಿಯ ಕಡೆ ಬರುವಂತೆ ಮಾಡಿದಳು. ಗುಡ್ಡಪ್ಪ ವರ್ಷವರ್ಷವೂ ಕೈ ಊರಿ ನಿಲ್ಲುತ್ತಿದ್ದ ಜಾಗದಲ್ಲೇ ಅವಳ ಕೈ ಇತ್ತು.

"ಹೆಸರು ಹೇಳಿ ತಾಯಿ. ಗುಡ್ಡಪ್ಪ, ಬರಿಯೋಕೆ ನೀನೇ ಬಾರಯ್ಯ, ನಿನ್ನಷ್ಟು ದುಂಡಗೆ ಇಲ್ಲಿ ಯಾರು ಬರೀತಾರೆ?" ಅಂದರು ಮೇಷ್ಟ್ರು.

ಸುಣ್ಣದ ಕಡ್ಡಿ ಹಿಡಿದು ಹಲಗೆಯ ಮುಂದೆ ನಿಂತ. ಬೆನ್ನು ಎಲ್ಲರ ಕಡೆಗೆ ಇತ್ತು, ಅದೊಂದು ಪುಣ್ಯ. ಹಳೆಯ ಪ್ರಳಯಕೊಳ್ಳವನ್ನು ಅಂಗೈಯಿಂದ ಒರೆಸಿದ.

"ನನಗೆ ದೊಡ್ಡ ದೊಡ್ಡ ಹೆಸರು ಗೊತ್ತಿಲ್ಲ" ಅಂದಳು ಅವಳು. "ಇದಕ್ಕೆ ಸ್ಪ್ರೇ ಹೊಡೀಲಾ ಬೇಡ್ವಾ ಅಂತ ನಿನ್ನೆ ಭಯ ಆಗಿತ್ತು. ಇವರನ್ನ ಕೇಳಿದೆ. ಏನೂ ಆಗಲ್ಲ ಅಂದ್ರು." ಬೆರಳಿನಿಂದ ಬಟ್ಟೆಯ ಕಂಬ ನೇರ ಮಾಡಿದಳು. ಗುಡ್ಡಪ್ಪ ಹಲಗೆಯ ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. "ಅದೇ ಹೆಸರು ಇರ್ಲಿ. ಏನೂ ಆಗಲ್ಲ ಗುಡ್ಡ."

ಇಡೀ ಕೋಣೆ ಚಪ್ಪಾಳೆ ಹೊಡೆಯಿತು. "ಅಬ್ಬಾ, ಯುದ್ಧಕ್ಕೆ ಇದಕ್ಕಿಂತ ಹೆಸರು ಬೇಕಾ!" ಅಂತ ಮೇಷ್ಟ್ರು ನಕ್ಕರು. "ಸಾಯೋಕೆ ಹೋಗೋ ಸಿಪಾಯಿಗೆಲ್ಲ ಸೇನಾಪತಿ ಹೇಳೋದು ಅದೇ ತಾನೇ?" ಕ್ಷೌರಿಕ ಬಂದು ಗುಡ್ಡಪ್ಪನ ಬೆನ್ನಿಗೆ ಗುದ್ದಿದ: "ಅಂಟು ಬಳಿಸಿ ಹೊಡೆಸಿದ್ಯಾ? ಭಲೇ! ಗಂಡ ಅಂದ್ರೆ ಹೀಗಿರ್ಬೇಕು ಕಣಯ್ಯಾ, ಗುಟ್ಟು ಬಿಟ್ಕೊಟ್ಟು ಹೆಂಡ್ತೀನ ಗೆಲ್ಲಿಸಿದ್ದೀಯ!" ಗುಡ್ಡಪ್ಪ ತಿರುಗಿ ಅವಳನ್ನು ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು, ನಗುತ್ತಿರಲಿಲ್ಲ. ಅವನು ಮತ್ತೆ ಹಲಗೆಗೆ ಮುಖ ಹಾಕಿ, ತನ್ನ ಸುಳ್ಳನ್ನು ತನ್ನ ದುಂಡು ಅಕ್ಷರದಲ್ಲಿ, ತಾನೇ, ಎಲ್ಲರಿಗೂ ಕಾಣುವಷ್ಟು ದೊಡ್ಡದಾಗಿ ಬರೆದ.

ಆಟ ಶುರುವಾಯಿತು. ವಜ್ರಶಿಖರ ಅನ್ನಲು ಬಾಯಿ ಬರದವರೆಲ್ಲ ಆ ಹೆಸರನ್ನು ಚಪ್ಪರಿಸಿಕೊಂಡು ಹೇಳತೊಡಗಿದರು. "ನನ್ನ ಕುದುರೆ ಏನೂ ಆಗಲ್ಲ ಗುಡ್ಡ ಹತ್ತಿತು!" "ಏನೂ ಆಗಲ್ಲದ ಹಿಂದೆ ಫಿರಂಗಿ ಇಟ್ಟಿದ್ದಾನೆ, ಹುಷಾರು!" ಕ್ಷೌರಿಕ ಸೋತು, ದಾಳ ಎಸೆದು, "ಏನೂ ಆಗಲ್ಲ ಅಂತ ಹೇಳಿ ಎಲ್ಲಾ ಆಗೋಯ್ತಲ್ಲೋ!" ಅಂತ ಕೂಗಿದಾಗ ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಂದೊಂದು ಸಲವೂ ಗುಡ್ಡಪ್ಪನಿಗೆ ಕೆನ್ನೆಗೆ ಬಾರಿಸಿದಂತಾಗುತ್ತಿತ್ತು. ನಾಚಿಕೆ ಆಯಿತು, ಇಲ್ಲ ಅನ್ನಲಾರೆ. ಆದರೆ ನಾಚಿಕೆಗಿಂತ ಒಂದು ಹೆಜ್ಜೆ ಮುಂದೆ ಓಡುತ್ತಿದ್ದದ್ದು ಆ ಹಾಳು ಹೊಟ್ಟೆಕಿಚ್ಚೇ. ಇಷ್ಟು ಒಳ್ಳೆಯ ಹೆಸರು ತನಗೆ ಯಾವತ್ತೂ ಹೊಳೆದಿರಲಿಲ್ಲವಲ್ಲ ಅಂತ!

ಆಟ ಮುಗಿಸಿ ಇಬ್ಬರೂ ನಡೆದೇ ಹೊರಟರು. ಬೆಟ್ಟ ಅಲ್ಲೇ ಮೂಲೆಯಲ್ಲಿ ಉಳಿಯಿತು, ಅದನ್ನು ತೆಗೆದುಕೊಂಡು ಹೋಗು ಅಂತ ಯಾರೂ ಹೇಳಲಿಲ್ಲ. ಅವಳ ಗುಡ್ಡದ ಪೆಟ್ಟಿಗೆಯನ್ನು ಗುಡ್ಡಪ್ಪ ಕೈ ಚಾಚಿ ಕೇಳಿದ, ಅವಳು ಕೊಟ್ಟಳು. ಬೀದಿಯ ಕೊನೆಯ ದೀಪದ ಕಂಬ ದಾಟಿದರು.

"ಎಲ್ಲರ ಮುಂದೆ ಹೇಳಿಬಿಡ್ತೀಯ ಅಂದ್ಕೊಂಡೆ" ಅಂದ ಅವನು.

"ಹೇಳಿದ್ನಲ್ಲ."

ಅವನು ಪೆಟ್ಟಿಗೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ. "ನನ್ನ ಕಥೆ ನೀನು ಕೇಳಿಸ್ಕೊಂಡೇ ಇಲ್ಲ ಅಂದ್ಕೊಂಡಿದ್ದೆ. ಆ ಮೊದಲನೇ ಗುಡ್ಡದ್ದು."

"ಎಲ್ಲಾ ಕೇಳಿಸ್ಕೊಂಡಿದ್ದೀನಿ ರೀ. ಎಷ್ಟು ಸಲ ಹೇಳಿದ್ದೀರೋ ಅಷ್ಟು ಸಲ. ಅದಕ್ಕೇ ನಿಮ್ಮನ್ನ ಕೇಳಿದ್ದು. ಇದು ಬೇರೆ ತರದ ಡಬ್ಬೀನೋ ಏನೋ, ನಿಮಗೆ ಗೊತ್ತಿರುತ್ತೆ ಅಂತ." ಅವಳು ಸೆರಗು ಸರಿಮಾಡಿಕೊಂಡಳು. "ಗುಡ್ಡ ಹಾಳಾಗಿದ್ರೂ ನನಗೆ ಇಷ್ಟು ಬೇಜಾರಾಗ್ತಿರಲಿಲ್ಲ. ಆ ಚೂರು ಕರಗಿತಲ್ಲ, ಆಗ ಆಯ್ತು."

ಗುಡ್ಡಪ್ಪನಿಗೆ ಕ್ಷಮಿಸು ಅನ್ನುವ ಮಾತು ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಮನೆಯ ಬಾಗಿಲವರೆಗೂ ಅದನ್ನು ಹುಡುಕಿ, ಕೊನೆಗೆ ಬಂದದ್ದು ಬೇರೆಯೇ ಮಾತು.

"ಇನ್ನು ಮೇಲೆ ನನ್ನ ಏನೂ ಕೇಳಲ್ಲ ಅನ್ನು."

ಅವಳು ಬಾಗಿಲ ಚಿಲಕಕ್ಕೆ ಕೈ ಹಾಕಿ ಯೋಚಿಸಿದಳು.

"ಕೇಳ್ತೀನಿ. ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ?" ಅಂದಳು. ಬಾಗಿಲು ತಳ್ಳಿ, ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು. "ಆದ್ರೆ ಮೊದಲು ಒಂದು ಚೂರಿಗೆ ಹೊಡೆದು ನೋಡ್ತೀನಿ."